ಗೋಡೆಯ ಮೇಲಿನ ಇಂಗ್ಲಿಷ್ ಹೊಲ

ಐವತ್ತರ ದಶಕದ ಕೊನೆಯಲ್ಲಿ ದೊಡ್ಡಪ್ಪ ಜಯನಗರದಲ್ಲಿ ಮನೆ ಕಟ್ಟಿಸಿದರು. ನಡುಮನೆಯ ಗೋಡೆಗೆ ದೇವರ ಪಟಗಳ ಜೊತೆ ಒಂದು ಹಳೆಯ ಇಂಗ್ಲಿಷ್ ಚಿತ್ರವನ್ನೂ ತೂಗುಹಾಕಿದರು. ಊರು ಬಿಟ್ಟು ಹೊರಟಿದ್ದ ಬಿಳಿ ದೊರೆಯೊಬ್ಬನ ಸಾಮಾನು ದಂಡು ಪ್ರದೇಶದಲ್ಲಿ ಹರಾಜಾದಾಗ ಕೊಂಡದ್ದು. ತಾಮ್ರದ ತಗಡಿನ ಮೇಲೆ ಕೆತ್ತಿ, ಮಸಿ ಹಚ್ಚಿ ಅಚ್ಚು ತೆಗೆದ ಚಿತ್ರ. ಎರಡು ಕುದುರೆ ನೇಗಿಲು ಎಳೆಯುತ್ತಿದ್ದವು. ಹಿಂದೆ ಟೋಪಿಯ ರೈತ, ದೂರದಲ್ಲಿ ಹುಲ್ಲಿನ ಬಣವೆ.

ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದ ನನಗೆ ಅದನ್ನು ನೋಡಿ ಹಾಗೆಯೇ ಬರೆಯುವ ಹುಚ್ಚು ಹಿಡಿಯಿತು.

"ಅದು ಕೆತ್ತಿರೋದು ಕಣೇ. ನಿನ್ನ ಕೈಲಾಗಲ್ಲ," ಎಂದರು ದೊಡ್ಡಪ್ಪ.

"ಆಗತ್ತೆ ದೊಡ್ಡಪ್ಪ, ನೋಡ್ತಿರಿ."

ಬಸವನಗುಡಿಯ ನಮ್ಮ ಮನೆಯಿಂದ ದಿನಾ ಮಧ್ಯಾಹ್ನ ನಡೆದು ಹೋಗುತ್ತಿದ್ದೆ. ಮೊದಲು ಪೆನ್ಸಿಲಿನಲ್ಲಿ ಬರೆದು ಬೆರಳಿನಿಂದ ಉಜ್ಜಿದೆ. ಹೊಲಕ್ಕೆಲ್ಲ ಹೊಗೆ ಕವಿದಂತಾಯಿತು. ಕುರ್ಚಿ ಹತ್ತಿ ಹತ್ತಿರದಿಂದ ನೋಡಿದಾಗ ತಿಳಿಯಿತು: ಅಲ್ಲಿ ನೆರಳೇ ಇಲ್ಲ, ಬರೀ ಗೆರೆಗಳು. ಒತ್ತೊತ್ತಾಗಿದ್ದರೆ ಕತ್ತಲು, ಬಿಡಿಬಿಡಿಯಾಗಿದ್ದರೆ ಬೆಳಕು. ನಿಬ್ಬು, ಮಸಿ ತಂದು ಹೊಸದಾಗಿ ಶುರುಮಾಡಿದೆ. ಬಣವೆ ಬಂತು, ರೈತ ಬಂದ. ಕುದುರೆಯ ಕಾಲು ಮಾತ್ರ ಬರಲಿಲ್ಲ.

ಜಟಕಾ ಸ್ಟ್ಯಾಂಡಿಗೆ ಹೋದೆ.

"ಎಲ್ಲಿಗಮ್ಮಾ?" ಎಂದ ಗಾಡಿಯವನು.

"ಎಲ್ಲಿಗೂ ಇಲ್ಲ. ನಿಮ್ಮ ಕುದುರೆ ಕಾಲು ನೋಡ್ಬೇಕು."

ಅವನು ಬಿದ್ದು ಬಿದ್ದು ನಕ್ಕ. ಆದರೂ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ತೋರಿಸಿದ. ಚಿತ್ರದ ಕುದುರೆಗಳ ಮುಂದೆ ಅದು ಸಣಕಲು, ಆದರೆ ಮಂಡಿ ಮಡಚುವ ರೀತಿ ಒಂದೇ. ಸುತ್ತ ನಿಂತವರ ನಗು ಕಿವಿಗೆ ಬೀಳುತ್ತಿದ್ದರೂ ನೋಡುವಷ್ಟು ನೋಡಿಯೇ ಬಂದೆ.

ಮುಗಿದ ಹಾಳೆಯನ್ನು ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಹಿಂದಿನ ಕುದುರೆ ಕುಂಟ್ತಾ ಇದೆ."

"ಗೊತ್ತು. ಇನ್ನೊಂದ್ಸಲ ಬರೀತೀನಿ."

ಅವರು ನಗಲಿಲ್ಲ. ಆ ಭಾನುವಾರ ನಮ್ಮ ಮನೆಗೇ ಬಂದು ಅಪ್ಪನಿಗೆ ಹೇಳಿದರು: "ಮದುವೆ ಮಾತು ಸ್ವಲ್ಪ ದಿನ ಇರ್ಲಿ. ಇವಳನ್ನ ಡ್ರಾಯಿಂಗ್ ಪರೀಕ್ಷೆಗೆ ಕೂರ್ಸು." ಅಣ್ಣನ ಮಾತಿಗೆ ಅಪ್ಪ ಎದುರಾಡುವವರಲ್ಲ. ಅಮ್ಮ ಮಾತ್ರ ಒಲೆಯ ಮುಂದೆ ಗೊಣಗಿದಳು.

ಮೊದಲ ಸಲ ನಾನು ಫೇಲಾದೆ. ಅಮ್ಮ ಮತ್ತೆ ಜಾತಕ ಹೊರತೆಗೆದಳು. "ಇನ್ನೊಂದು ವರ್ಷ," ಎಂದೆ. ಬೈದಳು, ಅತ್ತಳು, ಕೊನೆಗೆ ಸುಮ್ಮನಾದಳು. ಮರುವರ್ಷ ಪಾಸಾದೆ. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಹುಡುಗಿಯರ ಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದೆ. ಮದುವೆಯೂ ಆಯಿತು, ಕೆಲಸ ಬಿಡುವುದಿಲ್ಲ ಎಂದು ಮೊದಲೇ ಹೇಳಿ.