ಮೇ ತಿಂಗಳ ಸ್ವೆಟರ್

ಆಳಂದದ ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರ್ ತೊಟ್ಟು ಕೆಲಸಕ್ಕೆ ಹೋಗುವವರು ಪಂಚಶೀಲಾ ಒಬ್ಬರೇ. ಅಫಜಲಪುರ, ಜೇವರ್ಗಿಗಳಲ್ಲೂ ಶಾಖೆಗಳಿರುವ ತೊಗರಿ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಯಜಮಾನಿಕೆ ಅವರದು. ಆಳಂದದಲ್ಲಿರುವ ಒಂದೇ ಸರ್ವರಿನೊಳಗೆ ಎಲ್ಲ ಗುಮಾಸ್ತರೂ ತಮ್ಮ ತಮ್ಮ ಊರಿನಲ್ಲೇ ಕುಳಿತು ಪ್ರವೇಶಿಸುತ್ತಾರೆ; ಅದಕ್ಕೆ ತಲೆಗೊಂದು ಲೈಸೆನ್ಸ್ ಬೇಕು. ಲೈಸೆನ್ಸುಗಳು ಕಡಿಮೆ, ತಲೆಗಳು ಹೆಚ್ಚು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಜನ, ಬಳಸದ ಲೈಸೆನ್ಸನ್ನೂ ಹಿಡಿದಿಟ್ಟುಕೊಂಡು ಇಲ್ಲಿಯೂ ಅದನ್ನೇ ಮಾಡುತ್ತಾರೆಂಬುದು ಪಂಚಶೀಲಾ ಅವರ ದೃಢವಾದ ಅಭಿಪ್ರಾಯ. "ಧಮ್ಮಪಾಲಣ್ಣ, ನೀವು ಗುಮಾಸ್ತಿಕಿ ಬಿಟ್ಟು ಗೋದಾಮಿಗಿ ಹೋಗಿ ವರ್ಷ ಆತು. ಟವಲ್ ತೆಗೀರಿ!" ಎಂದು ಫೋನಿನಲ್ಲಿ ಗದರುತ್ತಾರೆ. "ಇರ್ಲಿ ಬಿಡವ್ವ, ಯಾವಾಗರ ಬೇಕಾಗ್ತದ" ಎಂದು ಅವರು ಗೋಗರೆದರೆ, "ಆ ಯಾವಾಗರ ಬಂದಾಗ ಕೊಡ್ತೇನಿ" ಎಂದು ಅಲ್ಲೇ ಕಿತ್ತುಕೊಳ್ಳುತ್ತಾರೆ. ಇವರ ಕಣ್ಣಿಗೆ ಬಿದ್ದರೆ ಯಮನೂ ಕೋಣದ ಬೆನ್ನಿನ ಟವೆಲ್ ತೆಗೆದುಕೊಂಡು ಇಳಿಯಬೇಕು. ಇಂಥವರು ಒಂದೇ ಒಂದು ಟವೆಲನ್ನು ಮಾತ್ರ ಮುಟ್ಟಿಲ್ಲ. ಜೇವರ್ಗಿಯ ಗುಮಾಸ್ತೆ ಗುರುಬಾಯಿ ಕ್ಯಾನ್ಸರ್ ಚಿಕಿತ್ಸೆಗೆ ಹೋದಾಗ, ಅವರ ಲೈಸೆನ್ಸನ್ನು ಹೊಸಬನಿಗೆ ಕೊಡಬೇಕೆಂದು ಮ್ಯಾನೇಜರ್ ಹೇಳಿದರು. "ಅಕ್ಕ ತಿರುಗಿ ಬರ್ತಾರ್ರಿ. ನಂದು ಕೊಡ್ತೇನಿ" ಎಂದರು ಪಂಚಶೀಲಾ. ಸರ್ವರಿನ ಎದುರಿಗೇ ಕುಳಿತು ಅದರ ಕೀಲಿಮಣೆ ಒತ್ತುವವರಿಗೆ ಲೈಸೆನ್ಸ್ ಬೇಡ. ಆದರೆ ಆ ಯಂತ್ರದ ಕೋಣೆಯಲ್ಲಿ ಎ.ಸಿ. ಸದಾ ಚಳಿ ಸುರಿಯುತ್ತದೆ. ಅಂದಿನಿಂದ ಪಂಚಶೀಲಾ ಅಲ್ಲೇ ಕುಳಿತು ಕೆಲಸ ಮಾಡುತ್ತಾರೆ. ಆಗಾಗ ಆಸ್ಪತ್ರೆಯಿಂದ ಗುರುಬಾಯಿ ಫೋನು ಮಾಡಿ, "ಕಂಪ್ಯೂಟರಿನಾಗ ನನ್ನ ಹೆಸರು ಇನ್ನೂ ಅದ ಏನವ್ವ?" ಎಂದು ಕೇಳುತ್ತಾರೆ. ಪಂಚಶೀಲಾ ಸ್ವೆಟರಿನ ತೋಳನ್ನು ಬೆರಳಿನವರೆಗೂ ಎಳೆದುಕೊಂಡು, "ಅದ ಅಕ್ಕ, ನಿಮ್ ಟವಲ್ ಅಲ್ಲೇ ಅದ. ಲಗೂ ಬರ್ರಿ, ನನಗ ಥಂಡಿ ಆಗಾಕತ್ತದ" ಎನ್ನುತ್ತಾರೆ.