ಎತ್ತರದ ಕಾರು, ನೇರಳೆ ಬಣ್ಣದ ಸೀರೆ

"ಮೇಡಂ, ಒಂದು ಸಣ್ಣ ಮಿಸ್ಟೇಕ್ ಆಗಿದೆ."

ಫೋನಿನಲ್ಲಿ ಯಾರಾದರೂ ಹೀಗೆ ಶುರು ಮಾಡಿದರೆ ಮುಂದಿನದು ನನಗೆ ಗೊತ್ತಾಗಿಬಿಡುತ್ತದೆ. ಮಿಸ್ಟೇಕ್ ಅವರದು, ದಂಡ ನಮ್ಮದು.

ಫೋನ್ ಬಂದದ್ದು ಒಂದು ಕಾರ್ ಶೋರೂಮಿನಿಂದ. (ಹೆಸರು ಹೇಳುವುದಿಲ್ಲ, ವ್ಯವಹಾರ ಇನ್ನೂ ಮುಗಿದಿಲ್ಲ.) ಬಂದದ್ದು ನಮ್ಮಕ್ಕನಿಗೆ. ಅವತ್ತು ಭಾನುವಾರ. ನಾನು ಕೋಲಾರದಿಂದ ಶ್ರೀನಿವಾಸಪುರಕ್ಕೆ, ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅಕ್ಕ ಸ್ಪೀಕರ್ ಆನ್ ಮಾಡಿ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟಳು. ಮಾತಾಡುತ್ತಿದ್ದ ಹುಡುಗಿ ಸುತ್ತಿ ಬಳಸಿ ಏನೇನೋ ಹೇಳಿದಳು. ಸಣ್ಣ ಮಿಸ್ಟೇಕ್ ಅಂದರೆ ಎಷ್ಟಮ್ಮಾ ಎಂದು ಕೊನೆಗೆ ನಾನೇ ಕೇಳಿದೆ. ಒಂದು ಲಕ್ಷದ ಮೂವತ್ತೆರಡು ಸಾವಿರ ರೂಪಾಯಿ ಅಂತೆ.

ಅಕ್ಕ ಮುರಿದಿದ್ದ ಮುದ್ದೆಯ ತುತ್ತನ್ನು ಸಾರಿನಲ್ಲೇ ಬಿಟ್ಟು ಎದ್ದು ಕೈ ತೊಳೆದಳು.

ಆಗಿದ್ದು ಇಷ್ಟು. ಹನ್ನೊಂದು ದಿನದ ಹಿಂದೆ ಅಕ್ಕ ಒಂದು ಕಾರು ಬುಕ್ ಮಾಡಿದ್ದಳು. ಆ ಶೋರೂಮಿನಲ್ಲಿ ಒಂದು ಸಣ್ಣ ಕಾರಿದೆ, ಒಂದು ಎತ್ತರದ ಕಾರಿದೆ. ಅಕ್ಕ ಕೇಳಿದ್ದು ಎತ್ತರದ್ದು. ಅವರು ಬರೆದುಕೊಟ್ಟ ಕಾಗದದಲ್ಲಿ ಕಾರಿನ ಹೆಸರು ಎತ್ತರದ್ದು, ಬಣ್ಣ ಎತ್ತರದ್ದರದು, ಬೆಲೆ ಮಾತ್ರ ಸಣ್ಣದರದು. ಮ್ಯಾನೇಜರ್ ಸಹಿ ಹಾಕಿದ್ದರು, ಸೀಲು ಒತ್ತಿದ್ದರು. ಬುಕಿಂಗ್ ಹಣ ತಗೊಂಡು ರಸೀದಿ ಕೊಟ್ಟಿದ್ದರು. ಮುಂದಿನ ಶುಕ್ರವಾರ ಡೆಲಿವರಿ ಎಂದೂ ಬರೆದಿದ್ದರು. ಈಗ ವ್ಯತ್ಯಾಸದ ದುಡ್ಡು ಕಟ್ಟಿ, ಇಲ್ಲದಿದ್ದರೆ ಅದೇ ಬೆಲೆಗೆ ಸಣ್ಣ ಕಾರು ತಗೊಳ್ಳಿ, ಅದೂ ಬೇಡ ಎಂದರೆ ಬುಕಿಂಗ್ ಹಣ ವಾಪಸ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಚಾಯ್ಸ್ ನಿಮ್ಮದು ಮೇಡಂ ಅಂತ ಸೌಜನ್ಯ ಬೇರೆ.

ಅಕ್ಕ ಪ್ರೈಮರಿ ಸ್ಕೂಲ್ ಮೇಡಂ ಆಗಿದ್ದವಳು. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹಳ್ಳಿ ಶಾಲೆಗಳಿಗೆ ಓಡಾಡಿದಳು. ರಿಟೈರ್ ಆದ ಮೇಲೆ ಡ್ರೈವಿಂಗ್ ಕಲಿತಳು. ಹೈಸ್ಕೂಲ್ ಮೈದಾನದಲ್ಲಿ ಅವಳು ಕಾರಿನಲ್ಲಿ ಎಂಟು ಬರೆಯುವಾಗ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಭಾವ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಭಯಕ್ಕೋ ಭಕ್ತಿಗೋ ಅವರೇ ಹೇಳಬೇಕು. ಕೈಯಲ್ಲಿದ್ದ ದುಡ್ಡನ್ನು ಹತ್ತು ಸಲ ಕೂಡಿ ಕಳೆದು ಅವಳು ಕಾರಿಗೆ ಕೈ ಹಾಕಿದ್ದಳು. ಅದರ ಮೇಲೆ ಇನ್ನೊಂದು ಲಕ್ಷ ಎಲ್ಲಿಂದ ತರುತ್ತಾಳೆ?

ಹಾಗಾದರೆ ಸಣ್ಣ ಕಾರೇ ತಗೊಳ್ಳಬಹುದಲ್ಲ, ಎಂದು ನೀವು ಕೇಳುತ್ತೀರಿ. ಶೋರೂಮಿನ ಹುಡುಗಿಯೂ ಅದನ್ನೇ ಕೇಳಿದಳು. ಅದಕ್ಕೆ ಉತ್ತರ ಹುತ್ತೂರಿನಲ್ಲಿದೆ.

ಹುತ್ತೂರಿನಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ, ಅಮ್ಮನ ತಂಗಿ. ಮಗ ನಾರಾಯಣಸ್ವಾಮಿ ಮತ್ತು ಸೊಸೆಯ ಜೊತೆಗಿದ್ದಾರೆ. ವಯಸ್ಸು ಎಪ್ಪತ್ತಾರು. ನಲವತ್ತು ವರ್ಷ ರೇಷ್ಮೆ ಹುಳು ಸಾಕಿದ ಕೈ ಅವರದು. ಮೂರು ವರ್ಷದ ಹಿಂದೆ ಹುಳುಮನೆಯ ಬಾಗಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಮನೆಯೊಳಗೆ, ಅಂಗಳದಲ್ಲಿ ಓಡಾಡುತ್ತಾರೆ. ಅದರಾಚೆಗೆ ತಾವಾಗಿಯೇ ಹೋಗಲು ಆಗುವುದಿಲ್ಲ. ಬಸ್ಸಿನ ಮೆಟ್ಟಿಲು ಎತ್ತರ. ಆಟೋ ಹತ್ತಲು ಬಗ್ಗಬೇಕು. ಸಣ್ಣ ಕಾರಿನ ಸೀಟಂತೂ ಬಾವಿಗೆ ಇಳಿದ ಹಾಗೆ. ಸೀಟು ಸೊಂಟದ ಮಟ್ಟಕ್ಕೆ ಇದ್ದರೆ ಮಾತ್ರ ಅವರು ಬೆನ್ನು ಹಾಕಿ ನಿಂತು, ಕೂತು, ಆಮೇಲೆ ಕಾಲನ್ನು ನಿಧಾನಕ್ಕೆ ಒಳಗೆ ಎಳೆದುಕೊಳ್ಳಬಹುದು.

ಅವರು ಹೋಗಬೇಕೆಂದಿರುವುದಾದರೂ ಎಲ್ಲಿಗೆ? ತಿರುಪತಿಗಲ್ಲ, ಕಾಶಿಗಲ್ಲ. ಕೋಲಾರದ ಒಂದು ಸೀರೆ ಅಂಗಡಿಗೆ.

"ಮೂರು ವರ್ಷದಿಂದ ನನ್ನ ಸೀರೆ ನಾನು ಆರಿಸಿಲ್ಲ ಕಣೇ ಪದ್ದು," ಎಂದು ಒಂದು ದಿನ ನನ್ನ ಹತ್ತಿರ ಹೇಳಿದ್ದರು. ದೂರಿನ ದನಿಯಲ್ಲಿ ಅಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ.

ಅವರ ಟ್ರಂಕಿನಲ್ಲಿ ಈ ಮೂರು ವರ್ಷದ ಏಳು ಸೀರೆಗಳಿವೆ. ಒಂದು ಸೊಸೆ ತಂದದ್ದು, ಒಂದು ಬೀಗರು ಉಡಿಸಿದ್ದು, ಎರಡು ನಾನೇ ಕೊಟ್ಟದ್ದು, ಉಳಿದವು ಅವರಿವರು ಕೊಟ್ಟದ್ದು. ಎಲ್ಲವೂ ಬಿಸ್ಕತ್ ಬಣ್ಣ, ಬೂದಿ ಬಣ್ಣ, ತಿಳಿನೀಲಿ. ವಯಸ್ಸಾದವರಿಗೆ ಲೈಟ್ ಕಲರ್ ಚೆನ್ನಾಗಿರುತ್ತದೆ ಎಂದು ನಾವೆಲ್ಲ ಮಾತಾಡಿಕೊಳ್ಳದೆಯೇ ತೀರ್ಮಾನ ಮಾಡಿಬಿಟ್ಟಿದ್ದೆವು. ಚಿಕ್ಕಮ್ಮನಿಗೆ ಬೇಕಿರುವುದು ನೇರಳೆ ಹಣ್ಣಿನ ಬಣ್ಣ. ಚೆನ್ನಾಗಿ ಮಾಗಿ, ತಿಂದರೆ ನಾಲಿಗೆಯಲ್ಲಿ ಉಳಿಯುತ್ತದಲ್ಲ, ಆ ಬಣ್ಣ. ಆಪರೇಷನ್ ಆದ ವರ್ಷವೇ ಒಮ್ಮೆ ನಾನು ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡಿ ಹತ್ತು ಸೀರೆ ತೋರಿಸಿದೆ. ಎಲ್ಲವನ್ನೂ ನೋಡಿದರು. ಪೋನೀ, ಹೋಗ್ಲಿ ಬಿಡು, ಫೋನ್‌ನಲ್ಲಿ ಬಟ್ಟೆ ಮುಟ್ಟೋಕಾಗಲ್ಲ ಅಂದರು. ಹೆಬ್ಬೆರಳು ತೋರುಬೆರಳಿನ ನಡುವೆ ಸೆರಗನ್ನು ಒಂದು ಸಲ ಉಜ್ಜಿದರೆ ಅದು ಯಾವ ನೂಲು ಎಂದು ಹೇಳುವವರು ಅವರು. ಅವರಿಗೆ ನಾನು ಗಾಜಿನ ಮೇಲೆ ಸೀರೆ ತೋರಿಸಿದ್ದೆ.

ಆಗಲೇ ಅಕ್ಕ ಮಾತು ಕೊಟ್ಟಿದ್ದು. ನನ್ನ ಕಾರು ಬರಲಿ ಚಿಕ್ಕಮ್ಮಾ, ಮುಂದಿನ ಸೀಟಲ್ಲಿ ಕೂರಿಸ್ಕೊಂಡು ನಾನೇ ಕರ್ಕೊಂಡು ಹೋಗ್ತೀನಿ, ಅಂದಿದ್ದಳು.

ಬುಕಿಂಗ್ ಆದ ಆ ಹನ್ನೊಂದು ದಿನ ನಮ್ಮ ಮನೆಗಳಲ್ಲಿ ಹೇಗಿತ್ತು ಎಂದು ಹೇಗೆ ಹೇಳಲಿ? ಅಕ್ಕ ದಿನಾ ಸಂಜೆ ಹುತ್ತೂರಿಗೆ ಫೋನ್ ಮಾಡಿ, ಇನ್ನು ಎಂಟು ದಿನ, ಇನ್ನು ಏಳು ದಿನ ಅನ್ನುತ್ತಿದ್ದಳು. ನಾರಾಯಣಸ್ವಾಮಿ ಟೇಪು ಹಿಡಿದು ಶೋರೂಮಿಗೆ ಹೋಗಿ ಸೀಟಿನ ಎತ್ತರ ಅಳೆದುಕೊಂಡು ಬಂದ. (ಅಲ್ಲಿಯ ಸೆಕ್ಯುರಿಟಿ ಅವನನ್ನು ಏನೆಂದುಕೊಂಡನೋ.) ಜಗಲಿಯ ಮೇಲೆ ಎರಡು ಹಲಗೆ ಜೋಡಿಸಿ ಸರಿಯಾಗಿ ಅಷ್ಟೇ ಎತ್ತರ ಮಾಡಿಕೊಟ್ಟ. ಚಿಕ್ಕಮ್ಮ ದಿನಕ್ಕೆರಡು ಹೊತ್ತು ವಾಕರ್ ಹಿಡಿದು ಬಂದು, ಬೆನ್ನು ಹಾಕಿ ನಿಂತು, ಹಲಗೆಯ ಮೇಲೆ ಕೂತು, ಕಾಲೆತ್ತಿ ಇಟ್ಟುಕೊಂಡು ಕಾರು ಹತ್ತುವ ಅಭ್ಯಾಸ ಮಾಡುತ್ತಿದ್ದರು. ಹತ್ತಿ ಕೂತ ಮೇಲೆ ಸ್ವಲ್ಪ ಹೊತ್ತು ಇಳಿಯುತ್ತಿರಲಿಲ್ಲವಂತೆ. ಎದುರಿನ ರಸ್ತೆ ನೋಡುತ್ತ ಕೂತಿರುತ್ತಿದ್ದರು ಎಂದು ಸೊಸೆ ಹೇಳಿದಳು.

ಹೀಗಿರುವಾಗ ಬಂತು ನೋಡಿ, ಸಣ್ಣ ಮಿಸ್ಟೇಕು.

ನನ್ನ ವಿಷಯ ನಿಮಗೆ ಗೊತ್ತೇ ಇದೆ. ನೀರಿನ ಬಾಟಲಿಗೆ ಎರಡು ರೂಪಾಯಿ ಜಾಸ್ತಿ ತಗೊಂಡರೆ ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ನಿಂತು ಜಗಳ ಆಡುವವಳು ನಾನು. ಸೋಮವಾರ ಕಚೇರಿಗೆ ರಜೆ ಹಾಕಿ, ಅಕ್ಕನನ್ನೂ ಫೈಲನ್ನೂ ಎಳೆದುಕೊಂಡು ಶೋರೂಮಿಗೆ ಹೋದೆ.

ಮ್ಯಾನೇಜರ್ ತಣ್ಣಗಿದ್ದರು. ತಪ್ಪು ಈ ಹುಡುಗಿಯದು ಎಂದು ಕೌಂಟರ್ ಕಡೆ ಕೈ ತೋರಿಸಿದರು. ಸಹಿ ಯಾರದು ಎಂದು ಕೇಳಿದೆ. ಆಮೇಲೆ ಅವರು ಆರ್ಡರ್ ಫಾರಂ ತಿರುಗಿಸಿ, ಹಿಂದುಗಡೆಯ ಇರುವೆ ಸಾಲಿನಂಥ ಅಕ್ಷರ ತೋರಿಸಿದರು. ಡೆಲಿವರಿ ದಿನ ಇರುವ ಬೆಲೆಯೇ ಅನ್ವಯ, ಎಂದಿತ್ತು. ಕಂಪನಿ ಬೆಲೆ ಏರಿಸಿದರೆ ಆ ಮಾತು ಸರಿ ಸ್ವಾಮಿ. ಕಂಪನಿ ಒಂದು ಪೈಸೆ ಏರಿಸಿಲ್ಲ. ಅವತ್ತೂ ಅದೇ ಬೆಲೆ, ಇವತ್ತೂ ಅದೇ ಬೆಲೆ, ನೋಡಿ ಬರೆದವರ ಕಣ್ಣು ಮಾತ್ರ ಜಾರಿದೆ. ಅದಕ್ಕೂ ಈ ಸಾಲಿಗೂ ಏನು ಸಂಬಂಧ?

ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು, ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ಗಾಜಿಗೆ ಅಂಟಿಸಿದ ಬೆಲೆ, ಜಾಹೀರಾತಿನ ಬೆಲೆ ಬರೀ ಗಿರಾಕಿಯನ್ನು ಕರೆಯುವುದಕ್ಕೆ. ಬಿಲ್ ಹಾಕುವ ಮೊದಲೇ ಅದು ತಪ್ಪು ಎಂದು ಅವರು ಹೇಳಿದರೆ ಹಟ ಹಿಡಿದು ಪ್ರಯೋಜನ ಕಡಿಮೆ. ಸಹಿ ಮಾಡಿದ ಆರ್ಡರ್ ಫಾರಂ, ದುಡ್ಡು ತಗೊಂಡ ರಸೀದಿ ಕೈಯಲ್ಲಿದ್ದರೆ ಮಾತು ಬೇರೆ. ಆಗ ಅದು ಒಪ್ಪಂದ, ಕೇಳುವ ಹಕ್ಕು ನಿಮಗಿದೆ. ಅಲ್ಲಿಯೂ ನಿಜವಾದ ಕೈತಪ್ಪು ಎಂದು ಅವರು ವಾದ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗ ಯಾವ ಕಡೆ ಒಲಿಯುತ್ತದೆ ಎಂದು ಗ್ಯಾರಂಟಿ ಕೊಡಲು ನಾನು ಲಾಯರ್ ಅಲ್ಲ. ಕಾಗದ ಮಾತ್ರ ಕಳೆಯಬೇಡಿ. ಫೋನಿನಲ್ಲಿ ಅವರು ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ವಾಪಸ್ ಬಂದ ದುಡ್ಡನ್ನು ಸುಮ್ಮನೆ ಜೇಬಿಗಿಳಿಸಬೇಡಿ, ಒಪ್ಪಿಕೊಂಡಿರಿ ಎಂದುಬಿಡುತ್ತಾರೆ.

ಮ್ಯಾನೇಜರ್ ಮುಂದೆಯೂ ಇಷ್ಟೆಲ್ಲ ಪಾಂಡಿತ್ಯ ಪ್ರದರ್ಶನ ಮಾಡಿದ ಮೇಲೆ, ಹೆಡ್ ಆಫೀಸ್ ಕೇಳಿ ಹೇಳ್ತೀವಿ ಅಂದರು. ಶುಕ್ರವಾರ ಬಂತು, ಹೋಯಿತು. ಹೆಡ್ ಆಫೀಸ್ ಇನ್ನೂ ಯೋಚನೆ ಮಾಡುತ್ತಿದೆ. ನಾವು ನೋಟಿಸ್ ಕಳಿಸಿದೆವು. ಉತ್ತರ ಬರದಿದ್ದರೆ ಆಯೋಗಕ್ಕೆ ದೂರು ಎಂದು ನಾನು ತೀರ್ಮಾನಿಸಿದೆ. ಅಕ್ಕ ಮಾತ್ರ ಹುತ್ತೂರಿಗೆ ಸಂಜೆಯ ಫೋನ್ ಮಾಡುವುದನ್ನು ನಿಲ್ಲಿಸಿದಳು. ಚಿಕ್ಕಮ್ಮನಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು.

ಕಳೆದ ಭಾನುವಾರ ಅಕ್ಕನನ್ನೂ ಕರೆದುಕೊಂಡು ಹೋದೆ. ಚಿಕ್ಕಮ್ಮ ಜಗಲಿಯ ಹಲಗೆಯ ಮೇಲೆ ಕೂತಿದ್ದರು. ಇದ್ದದ್ದನ್ನೆಲ್ಲ ಹೇಳಿದೆ. ಅವರು ಬೇಜಾರು ತೋರಿಸಲಿಲ್ಲ. ಅವರಿಗೆ ಗೂಡಿನ ಮಾರ್ಕೆಟ್ಟು ನೆನಪಾಯಿತು. ಒಂದು ಸಲ ಹರಾಜಿನಲ್ಲಿ ಇವರ ರೇಷ್ಮೆ ಗೂಡಿನ ಲಾಟಿಗೆ, ನೂಲು ಬಿಚ್ಚುವ ಒಬ್ಬ ರೀಲರ್ ಮೊಬೈಲ್‌ನಲ್ಲಿ ಬೆಲೆ ಒತ್ತುವಾಗ ಕೈತಪ್ಪಿ ಜಾಸ್ತಿ ಒತ್ತಿಬಿಟ್ಟನಂತೆ. ತೂಕ ಆಗುವ ಮುಂಚೆಯೇ ಓಡಿ ಬಂದು ಕೈ ಮುಗಿದನಂತೆ. ಚಿಕ್ಕಮ್ಮ ಬಿಟ್ಟುಕೊಟ್ಟರಂತೆ.

"ಅವ್ನು ತೂಕಕ್ಕೆ ಮುಂಚೆ ಓಡಿ ಬಂದ ಕಣೇ. ಇವ್ರು ದುಡ್ಡು ತಗೊಂಡು ಹನ್ನೊಂದು ದಿನ ಸುಮ್ನಿದ್ದು ಆಮೇಲೆ ಬಂದ್ರಾ?"

ಕಾನೂನು ಪುಸ್ತಕದಲ್ಲಿ ನಾನು ಹುಡುಕುತ್ತಿದ್ದದ್ದು ಇದೇ. ಖುಷಿಯಾಗಿ, ಬಿಡಲ್ಲ ಚಿಕ್ಕಮ್ಮಾ, ಕೇಸ್ ಹಾಕ್ತೀನಿ, ಗೆದ್ದೇ ಗೆಲ್ತೀವಿ ಅಂದೆ. ಎಷ್ಟು ದಿನ ಆಗುತ್ತದೆ ಎಂದು ಕೇಳಿದರು. ಕೆಲವು ತಿಂಗಳು, ವರ್ಷವೂ ಆಗಬಹುದು ಅಂದೆ. ಅವರು ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಮಾತು ತೆಗೆದರು.

"ಆರು ತಿಂಗಳಿಗೊಂದ್ಸಲ ಚೆಕಪ್‌ಗೆ ಅಂತ ಬಾಡಿಗೆ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರಲ್ಲ. ಅದೂ ಎತ್ತರಾನೇ ಅಲ್ವಾ?"

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಹೌದು. ಅದರಲ್ಲಿ ಚಿಕ್ಕಮ್ಮ ಆರಾಮಾಗಿ ಕೂತಿದ್ದನ್ನು ನೋಡಿಯೇ ಅಕ್ಕ ಅಂಥದ್ದೇ ಕಾರು ಬೇಕು ಎಂದು ಹಟ ಹಿಡಿದಿದ್ದಳು.

"ಹೋಗುವಾಗ ಬರುವಾಗ ಆ ಸೀರೆ ಅಂಗಡಿ ಮುಂದೇನೇ ಬರ್ತಿದ್ವಿ. ಡ್ರೈವರಪ್ಪನಿಗೆ ಒಂದು ಮಾತು ಹೇಳಿದ್ರೆ ನಿಲ್ಸೋನು."

ಮತ್ತೆ ಯಾಕೆ ಹೇಳಲಿಲ್ಲ ಎಂದು ಅಕ್ಕ ಕೇಳಿದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ನೀನು ನಿನ್ ಕಾರಲ್ಲೇ ಕರ್ಕೊಂಡು ಹೋಗ್ಬೇಕು ಅಂತ ಅಷ್ಟೊಂದು ಆಸೆ ಇಟ್ಕೊಂಡಿದ್ದೆ ಅಮ್ಮಾಯಿ. ಅದನ್ನ ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

ನಾವು ಅವರ ಆಸೆಗಾಗಿ ಕಾರು ಹುಡುಕುತ್ತಿದ್ದೇವೆ ಎಂದುಕೊಂಡಿದ್ದೆವು. ಅವರು ನಮ್ಮ ಆಸೆಗಾಗಿ ಮೂರು ವರ್ಷ ಬಿಸ್ಕತ್ ಬಣ್ಣ ಉಟ್ಟುಕೊಂಡಿದ್ದರು.

ಯೋಚಿಸಿ ನೋಡಿ. ಆಸ್ಪತ್ರೆಗಾದರೆ ನಾವು ಎರಡನೇ ಮಾತಿಲ್ಲದೆ ಬಾಡಿಗೆ ಕಾರು ಕರೆಸುತ್ತೇವೆ. ಮುದುಕರ ನೋವಿಗೆ ತಕ್ಷಣ ಗಾಡಿ ಸಿಗುತ್ತದೆ. ಅವರ ಆಸೆಗೆ ಮಾತ್ರ ಒಳ್ಳೆಯ ದಿನ ಬರಲಿ, ಕಾರು ಬರಲಿ, ಮಾವಿನ ಸೀಸನ್ ಮುಗಿಯಲಿ. ನಿಮ್ಮ ಮನೆಯಲ್ಲೂ ಹೀಗೆ ಯಾರದೋ ಒಂದು ಸಣ್ಣ ಆಸೆ ನಿಮ್ಮ ದೊಡ್ಡ ಪ್ಲಾನ್‌ಗೆ ಕಾಯುತ್ತಾ ಕೂತಿಲ್ಲವಾ?

ಈ ಗುರುವಾರಕ್ಕೆ ಬಾಡಿಗೆ ಕಾರು ಹೇಳಿದ್ದೇವೆ. ಅಕ್ಕ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಬಣ್ಣದ ವಿಷಯಕ್ಕೆ ಬಾಯಿ ಹಾಕುವುದಿಲ್ಲ ಎಂದು ನಾನು ಪ್ರಮಾಣ ಮಾಡಿದ್ದೇನೆ. ಅಂಗಡಿಯಲ್ಲಿ ಎಷ್ಟು ಹೊತ್ತು ಕೂರಬಲ್ಲರೋ, ನೋವು ಬರುವ ಮುಂಚೆ ಆ ನೇರಳೆ ಸಿಗುತ್ತದೋ ಗೊತ್ತಿಲ್ಲ. ಎರಡು ವರ್ಷದ ಹಿಂದಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಿದ್ದರು ಎಂಬುದು ಮಾತ್ರ ಗೊತ್ತು.

ಶೋರೂಮಿನ ಮೇಲಿನ ದೂರು ನಾನು ಬಿಡುವುದಿಲ್ಲ. ಗ್ರಾಹಕರ ಕಾನೂನಿನಲ್ಲಿ ಬರೆದಿರುವ ಹಕ್ಕುಗಳಲ್ಲಿ ಆಯ್ಕೆಯ ಹಕ್ಕೂ ಒಂದು. ಬೆಲೆ ತಪ್ಪು ಬರೆದವರಿಗೆ ನಾನು ನೋಟಿಸ್ ಕಳಿಸಿದೆ, ಸರಿ. ಮೂರು ವರ್ಷ ಒಬ್ಬರ ಆಯ್ಕೆಯ ಹಕ್ಕನ್ನು ಪ್ರೀತಿಯಿಂದಲೇ ಕಿತ್ತುಕೊಂಡ ನಮಗೆ ಚಿಕ್ಕಮ್ಮ ಯಾಕೆ ಒಂದು ನೋಟಿಸ್ ಕೂಡ ಕಳಿಸಲಿಲ್ಲ?