ಲೈಟ್ ಯಾರಿಗೆ?

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಹೇಳಲಾಗದೆ ಚಹಾ ಕೇಳಿದ್ದೇನೆ.

ನನ್ನ ಮೊಣಕೈ, ಬೆನ್ನಿನ ಮೇಲೆ ಹೊಟ್ಟು ಉದುರುವ ಕೆಂಪು ಕಲೆಗಳೆದ್ದಿದ್ದವು. ದಾವಣಗೆರೆಯ ಚರ್ಮದ ಡಾಕ್ಟರು, "ಸೋರಿಯಾಸಿಸ್. ಅಂಟುರೋಗ ಅಲ್ಲ. ಮುಲಾಮು ಸಾಲದು, ಲೈಟ್ ಕೊಡೋಣ" ಎಂದರು. ಸುತ್ತಲೂ ಟ್ಯೂಬ್‌ಲೈಟ್ ಇರುವ ಬೀರುವಿನಂಥ ಪೆಟ್ಟಿಗೆ. ಅದರೊಳಗೆ ಚಡ್ಡಿ, ಕಪ್ಪು ಕನ್ನಡಕದಲ್ಲಿ, ಬೇಕರಿಯ ಗಾಜಿನೊಳಗಿನ ಬನ್ನಿನಂತೆ ನಿಲ್ಲಬೇಕು. ಮೊದಲು ಕೆಲವೇ ಸೆಕೆಂಡು, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚು.

ಅದಕ್ಕಾಗಿ ವಾರಕ್ಕೆ ಎರಡು ಮೂರು ಸಲ ಹರಿಹರದಿಂದ ಬಸ್ಸು ಹತ್ತುತ್ತಿದ್ದೆ, ಹೆಂಡತಿಯ ಜೊತೆ. ಬೀದಿಯವರು ಕೇಳಿದಾಗ ಚರ್ಮದ ರೋಗ ಎನ್ನಲು ನಾಚಿಕೆಯಾಗಿ, "ಮನೆಯಾಕಿಗೆ ಲೈಟ್ ಕೊಡಿಸ್ತಾ ಇದೀನಿ" ಎಂದುಬಿಟ್ಟೆ. ನಮ್ಮ ಕಡೆ ಲೈಟ್ ಹೋಯಿತು ಎಂದರೂ ಕರೆಂಟ್ ಹೋಯಿತು ಎಂದರೂ ಒಂದೇ. ಮಾತು ಬೀದಿಯ ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ಲೈಟ್ ಕರೆಂಟಾಗಿತ್ತು. ಕರೆಂಟ್ ಕೊಡಿಸುವುದು ತಲೆ ಕೆಟ್ಟವರಿಗೆ.

ಒಂದು ದಿನ ಬಸ್ಸಿನಲ್ಲಿ ಎದುರುಮನೆಯಾಕೆ ನನ್ನ ಹೆಂಡತಿಯ ಕೈ ಹಿಡಿದಳು.

"ಅಕ್ಕಾ, ಕರೆಂಟ್ ಕೊಡುವಾಗ ಭಾಳ ನೋವಾಗ್ತೈತಾ?"

"ನಂಗ್ಯಾಕ ಕರೆಂಟ್? ನಾ ಚೆಂದಾಗೇ ಅದೀನಿ."

"ಹೂಂ ಅಕ್ಕಾ, ಚೆಂದಾಗೇ ಅದೀರಿ" ಎನ್ನುತ್ತ ಆಕೆ ನನ್ನ ಮುಖ ನೋಡಿದಳು. ರೋಗ ನನಗೆ ಎನ್ನಬೇಕಿತ್ತು. ನಿಟ್ಟುಸಿರು ಬಿಟ್ಟೆ.

"ಒಮ್ಮೆ ಅಮಾಸಿಗೆ ಉಕ್ಕಡಗಾತ್ರಿಗೆ ಕರ್ಕೊಂಡು ಹೋಗ್ರಿ ಯಜಮಾನ್ರೇ. ಅಲ್ಲಿ ಎಂಥೆಂಥಾ ದೆವ್ವಾನೂ ಬಿಡತಾವು."

"ದೆವ್ವ ನನ್ ಪಕ್ಕದಾಗೇ ಕುಂತೈತೆ ತಂಗೀ" ಎಂದಳು ನನ್ನ ಹೆಂಡತಿ. ಎದುರುಮನೆಯಾಕೆ ಕೈ ಬಿಟ್ಟು, ಹಿಂದಿನ ಸೀಟಿಗೆ ಹೋದಳು.

ಮನೆಗೆ ಬಂದು ಹೆಂಡತಿ ಕೇಳಿದಳು: "ಲೈಟ್ ಯಾರಿಗೆ ಅಂತ ಹೇಳೀರಿ?"

ನಾನು ಚಹಾ ಕೇಳಿದೆ.

ಲೈಟಿಗೆ ನಿಂತು ನಿಂತು ಕಪ್ಪಾದೆ. "ಹೆಂಡ್ತಿ ಚಿಂತೀಲಿ ಯಜಮಾನ್ರು ಹೆಂಗ್ ಕರ್ರಗಾದ್ರು ನೋಡ್ರಿ" ಎಂದು ಬೀದಿ ಮರುಗಿತು. ಹೆಂಡತಿಯನ್ನು ಮಾತ್ರ ಯಾರೂ ಮನೆಗೆ ಕರೆಯದಾದರು. ಅದಕ್ಕೆ ಮೊದಲು ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಜೋಗುಳ ಹಾಡಲು ಅವಳೇ ಬೇಕಿತ್ತು. ಈಗ ಪಕ್ಕದ ಮನೆಯಲ್ಲೇ ಕೂಸಿಗೆ ಹೆಸರಿಟ್ಟರು. ಗೋಡೆಯಾಚೆ ಯಾರೋ ತಾಳ ತಪ್ಪಿ ಹಾಡುತ್ತಿದ್ದರು. ಇವಳು ನನ್ನ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, ಅದೇ ಹಾಡನ್ನು ಸರಿಯಾದ ತಾಳದಲ್ಲಿ ಗುನುಗಿದಳು.

ಕಲೆಗಳು ಬಹುಮಟ್ಟಿಗೆ ಮಾಸಿವೆ. ಮತ್ತೆ ಬರಬಹುದು ಎಂದಿದ್ದಾರೆ ಡಾಕ್ಟರು. ಬಂದರೆ ನಲ್ಲಿಯ ಹತ್ತಿರ ಅಂಗಿ ಬಿಚ್ಚಿ ನಿಂತು ಎಲ್ಲರಿಗೂ ತೋರಿಸುತ್ತೇನೆ. ಆದರೆ ತಪ್ಪಾಯಿತು ಎಂದು ಮೊದಲು ಹೇಳಬೇಕಾದದ್ದು ಬೀದಿಗಲ್ಲ. ಇಷ್ಟು ದಿನವಾದರೂ ನಾನದನ್ನು ಹೇಳದೆ ಉಳಿದಿರುವುದು, ಈಗಲೂ ಒಳಗೆ ಚಹಾ ಕಾಯಿಸುತ್ತಿರುವ ನನ್ನ ಹೆಂಡತಿಗೆ.